ಎಡಗೈಯ ಹಟ

ದೇಹ, ಮನಸ್ಸು, ಕನಸು ಇವು ಬೇರೆಬೇರೆಯಲ್ಲ, ಒಂದರ ಸಂಕಟವನ್ನು ಇನ್ನೊಂದು ಹೊತ್ತು ತಿರುಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರಿಗೆ ಬೆಳಗಿನ ಉಪ್ಪಿಟ್ಟು ಹೊತ್ತಿಗೆ ಸರಿಯಾಗಿ ಸಿಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ನನಗೆ ಹೋದ ವರ್ಷ ಸಿಗುತ್ತಿರಲಿಲ್ಲ.

ಕಾರಣ ನನ್ನ ಎಡಗೈ. ನಮ್ಮ ಮನೆತನದಲ್ಲಿ ಕೊರಳ ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರೂ ಹಾಕುವಂತಿಲ್ಲ. ಅಂಗೈಯೇ ಪೀಠ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿ ಊರೂರಿನ ಹೊಟ್ಟೆ ತುಂಬಿಸುವ ನಾನು ಹಸಿದು ಕೂರುವಂತಾದದ್ದು ಹೀಗೆ. ಬೆಳಗಿನ ಜಾವ ಒಂದೇ ಕನಸು. ತುಂಗಭದ್ರೆಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೇನೆ, ಅಂಗೈ ಮೇಲೆ ಲಿಂಗ. ಅಂಗೈ ತಾನಾಗಿ ವಾಲುತ್ತದೆ, ಲಿಂಗ ಜಾರುತ್ತದೆ, ಬೀಳುವ ಮೊದಲೇ ಎಚ್ಚರ. ಎದ್ದಾಗ ಎಡಗೈ ಮುಷ್ಟಿ ಕಟ್ಟಿರುತ್ತದೆ, ಉಗುರು ಅಂಗೈಗೆ ನಾಟಿರುತ್ತದೆ.

ಮೊದಮೊದಲು ಸ್ವಲ್ಪ ಹೊತ್ತಿಗೆ ಬಿಚ್ಚುತ್ತಿತ್ತು. ಆಮೇಲಾಮೇಲೆ ಹೆಂಡತಿ ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಅದ್ದಿಸಿ ಒಂದೊಂದೇ ಬೆರಳನ್ನು ಎಬ್ಬಿಸಬೇಕಾಯಿತು. ಕಿರುಬೆರಳು ಏಳುವಷ್ಟರಲ್ಲಿ ಹೆಬ್ಬೆರಳು ಮತ್ತೆ ಮಲಗುತ್ತಿತ್ತು.

“ಮದುವ್ಯಾದಾಗಿಂದ ಬಿಚ್ಚದ ಕೈ, ಬಿಸಿನೀರಿಗೆ ಬಿಚ್ತೈತೇನ್ರಿ?” ಎನ್ನುತ್ತಿದ್ದಳು. ಆದರೆ ನಾನು ಉಣ್ಣದೆ ಅವಳೂ ಉಣ್ಣುವುದಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಹಸಿದರೆ ಕೈಕಾಲು ನಡುಗಿ ಕಣ್ಣು ಮಂಜಾಗುತ್ತದೆ. ನೀನಾದರೂ ತಿನ್ನು ಎಂದರೆ, ಕೇಳಿಸಲಿಲ್ಲವೆಂಬಂತೆ ಇನ್ನಷ್ಟು ನೀರು ಕಾಯಿಸಲು ಹೋಗುತ್ತಿದ್ದಳು.

ಹೊಸಪೇಟೆಯ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರು. “ಯಜಮಾನ್ರ, ನರ, ಎಲುಬು ಎಲ್ಲಾ ಮಸ್ತ್ ಅದಾವ್ರಿ. ಟೆನ್ಶನ್ ತಗೋಬ್ಯಾಡ್ರಿ.” ಇಷ್ಟು ಆರೋಗ್ಯವಂತ ಕೈ ಇಟ್ಟುಕೊಂಡು ಉಪವಾಸ ಬೀಳುತ್ತಿದ್ದವನು ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು. ಸಂಡೂರಿನಲ್ಲಿ ಎಣ್ಣೆ ತಿಕ್ಕುವ ಮುದುಕನೊಬ್ಬ “ವಾಯು ಹೊಕ್ಕೈತಿ” ಎಂದು ಭುಜದಿಂದ ಕೆಳಕ್ಕೆ ತಿಕ್ಕಿದ. ಹೊಕ್ಕ ವಾಯುವಿಗೆ ಹೊರಬರುವ ದಾರಿ ಕಾಣಲಿಲ್ಲ.

ಶ್ರಾವಣದ ಒಂದು ದಿನ ಮಧ್ಯಾಹ್ನ ದಾಟಿದರೂ ಬೆರಳು ಏಳಲಿಲ್ಲ. ಆರಿದ ನೀರಿನ ಬಕೆಟ್ಟಿನ ಮುಂದೆ ಕೂತು, ನನ್ನ ವಯಸ್ಸಿಗೂ ಮೀಸೆಗೂ ತಕ್ಕ ಗಾಂಭೀರ್ಯದಿಂದ ಅತ್ತೆ. ಹೆಂಡತಿ ಬಾಗಿಲು ಮುಂದೆ ಮಾಡಿ ಹೊರಗೆ ಕೂತಳು. ಅವತ್ತು ಇಬ್ಬರೂ ಉಣ್ಣಲಿಲ್ಲ.

ಹಾಗಾಗಿ ಹಂಪಿಗೆ ಹೋದೆವು. ಅಲ್ಲಿ ಬಾಳೆತೋಟದ ಪಕ್ಕದ ಮನೆಯಲ್ಲಿ ಮೈಸೂರು ಕಡೆಯ ಒಬ್ಬ ಮೇಡಂ ಇದ್ದರು. ಕನಸು, ನೋವು, ಮೈಯ ಚಲನೆ ಮೂರನ್ನೂ ಕೂಡಿಸಿ ನೋಡುತ್ತಾರೆ ಎಂದು ಕೇಳಿದ್ದೆವು. ಅಂಗಳದಲ್ಲಿ ಪರದೇಶದವರು ಕಣ್ಣು ಮುಚ್ಚಿಕೊಂಡು ಗಾಳಿಗೆ ಸಿಕ್ಕ ಜೋಳದ ದಂಟಿನ ಹಾಗೆ ತೂಗುತ್ತಿದ್ದರು. ನಾನು ಧೋತರ ಬಿಗಿ ಮಾಡಿಕೊಂಡೆ.

ಮೇಡಂ ಕನಸನ್ನು ಪೂರ್ತಿ ಕೇಳಿದರು. “ಅದು ಬೀಳೋದಕ್ಕೆ ನೀವು ಬಿಡ್ತಾನೇ ಇಲ್ಲ. ಕನಸಲ್ಲಿ ಹಿಡಿದದ್ದನ್ನ ಕೈ ಹಗಲೂ ಹಿಡ್ಕೊಂಡೇ ಇದೆ. ಒಂದು ಸಲ ಬೀಳಲಿ.”

“ಲಿಂಗಾನ? ಪ್ರಾಣ ಹೋದ್ರೂ ಆಗಂಗಿಲ್ರಿ.”

“ಲಿಂಗ ಬೇಡ. ಅಷ್ಟೇ ತೂಕದ ಒಂದು ಹೊಳೆಗಲ್ಲು ತಗೊಳ್ಳಿ. ಬೆರಳು ಬಿಚ್ಚಿದಾಗ ಹಿಡಿದು ರೂಢಿ ಮಾಡ್ಕೊಳ್ಳಿ. ಮುಂದಿನ ವಾರ ಇಲ್ಲೇ ನಿಂತು, ಕನಸಲ್ಲಿ ಹೇಗೋ ಹಾಗೇ ಕೈ ವಾಲಿಸಿ ಬಿಡೋಣ.”

ಕಂಪ್ಲಿಯ ಹೊಳೆದಂಡೆಯಲ್ಲಿ ಕಪ್ಪನೆಯ, ನುಣುಪಾದ ಕಲ್ಲೊಂದನ್ನು ಆರಿಸಿ ತಂದೆ. ಕಸ ಗುಡಿಸುವವಳು ಎಸೆಯಬಾರದೆಂದು ದೇವರ ಜಗಲಿಯ ಮೂಲೆಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಯಾರೂ ಕೈಹಾಕಿ ಎಸೆಯದ ಜಾಗ ಅದೊಂದೇ.

ಮುಂದಿನ ವಾರ ಮೇಡಂ ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿದರು. ಮುಷ್ಟಿಯಲ್ಲಿ ಕಲ್ಲು. ಕಣ್ಣು ಮುಚ್ಚಿ ಕನಸು ಹೇಳುತ್ತ ಹೋದೆ. ಮೊಣಕೈಯಲ್ಲಿ ನಡುಕ ಹುಟ್ಟಿ ಭುಜಕ್ಕೇರಿತು. ಮಣಿಕಟ್ಟು ತಾನಾಗಿ ವಾಲಿತು. ಕಿರುಬೆರಳು ಸಡಿಲವಾಯಿತು, ಯಾರೂ ಎಬ್ಬಿಸದೆ. ಆಮೇಲೆ ಅದರ ಪಕ್ಕದ್ದು. ಅಂಗೈಗೆ ಗಾಳಿ ತಾಗಿತು. ಕಲ್ಲು ಅಂಚಿಗೆ ಸರಿಯುತ್ತಿರುವುದು ಗೊತ್ತಾಗುತ್ತಿತ್ತು. ಹೋಗು, ಹೋಗು ಎಂದುಕೊಳ್ಳುತ್ತಿದ್ದೆ.

“ರೀ, ಬಿಡಬ್ಯಾಡ್ರಿ!” ಹೆಂಡತಿ ಕೂಗಿದಳು. “ಅದು ಜಗಲಿ ಮ್ಯಾಲಿಂದು! ವಾರದಿಂದ ಇಬತ್ತಿ ಹಚ್ಚಿ ನೈವೇದ್ಯ ಮಾಡೀನಿ!”

ಮುಷ್ಟಿ ಬಾಗಿಲು ಬಡಿದಂತೆ ಮುಚ್ಚಿತು.

“ಕಲ್ಲಿಗ್ಯಾಕ ಮಾಡಿದಿ?”

“ಜಗಲಿ ಮ್ಯಾಲೆ ಇಟ್ಟೋರು ಯಾರ್ರಿ? ನೀ ದೇವ್ರೋ ಕಲ್ಲೋ ಅಂತ ಅದನ್ನ ಕೇಳ್ಬೇಕಿತ್ತೇನು ನಾನು?” ಎಂದವಳು ಅಲ್ಲೇ ನೆಲಕ್ಕೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೂವರೂ ಹೆಣಗಿ ಮುಷ್ಟಿಯಿಂದ ಕಲ್ಲು ಬಿಡಿಸಿದೆವು. ಬೇರೆ ಕಲ್ಲು ತರೋಣವೆಂದರು ಮೇಡಂ. ಹಂಪಿಯಲ್ಲಿ ಕಲ್ಲಿಗೆ ಬರವಿಲ್ಲ. ಒಮ್ಮೆಯೂ ಪೂಜೆಗೊಳ್ಳದ ಕಲ್ಲು ಇದು ಎಂದು ಖಾತ್ರಿ ಕೊಡುವವರಿಗೆ ಬರ. ಕೊನೆಗೆ ಮೇಡಂ ಅಡುಗೆಮನೆಯಿಂದ ಆಲೂಗಡ್ಡೆ ತಂದು ನನ್ನ ಮುಷ್ಟಿಗೆ ಸಿಕ್ಕಿಸಿದರು. ಕನಸನ್ನು ಮತ್ತೆ ಹೇಳಿದೆ. ಭುಜ ನಡುಗಲಿಲ್ಲ, ಮಣಿಕಟ್ಟು ವಾಲಲಿಲ್ಲ. ಆಲೂಗಡ್ಡೆಯ ಬಗ್ಗೆ ನನ್ನ ಕೈಗೆ ಯಾವ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ.

ಬುಕ್ಕಸಾಗರ ದಾಟುವಾಗ ಬಸ್ಸಿನಲ್ಲಿ ಹೆಂಡತಿ ನನ್ನ ಮುಷ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ನಾ ಬಾಯಿ ಮುಚ್ಕೊಂಡಿದ್ರ ಬಿಚ್ತಿತ್ತಲ್ರಿ.”

“ಆ ಕಲ್ಲು ಬಿದ್ದಿದ್ರ ಆಮ್ಯಾಲೆ ಇಬ್ರಿಗೂ ತುತ್ತು ಇಳೀತಿದ್ದಿಲ್ಲ ಬಿಡು,” ಎಂದೆ. ಅವಳು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತಳು. ಅವಳ ಕೈ ನಡುಗುತ್ತಿತ್ತು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ.

ಮತ್ತೆ ಕೆಲವು ಸಲ ಹೋದೆವು. ದೀಪಾವಳಿಯ ಹೊತ್ತಿಗೆ ಮುಷ್ಟಿ ಬಿಸಿನೀರಿಗೂ ಬಗ್ಗದಾಯಿತು. ಮಠದ ಸ್ವಾಮಿಗಳು ಬಲ ಅಂಗೈಯಲ್ಲಿ ಲಿಂಗ ಹಿಡಿಯಲು ಒಪ್ಪಿಗೆ ಕೊಟ್ಟರು. ಹೂವು, ಪತ್ರೆ ಹೆಂಡತಿ ಏರಿಸುತ್ತಾಳೆ. ಬೆಳಿಗ್ಗೆ ಇಬ್ಬರೂ ಹೊತ್ತಿಗೆ ಉಣ್ಣುತ್ತೇವೆ. ಎಡಗೈ ಬಿಚ್ಚಿಲ್ಲ.