ಶಾಲಿನ ಆಸೆ ತೋರಿಸಿದವನು

ನನ್ನನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದವನನ್ನು ನಾನು ಇನ್ನೂ ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಮುದುಕಿಯ ಮನಸ್ಸು ಕರಗಿತು ಅಂತ ಬರುತ್ತದೆ ಎಂದು ಕಾಯುವವರು ಇಲ್ಲೇ ಎದ್ದು ಹೋಗಬಹುದು.

ನಾನು ಗದಗಿನ ಕಡೆಯವಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಮಗಳು ಇಲ್ಲಿ ಡಾಕ್ಟರು. ಅವಳ ಮಕ್ಕಳನ್ನು ನೋಡಿಕೊಳ್ಳಲು ಬಂದೆ, ಮಕ್ಕಳು ಕಾಲೇಜಿಗೆ ಹೋದ ಮೇಲೂ ಉಳಿದೆ. ನಾವಿರುವುದು ಶಿಕಾಗೋದ ಹೊರಗೆ, ಹಾಫ್‌ಮನ್ ಎಸ್ಟೇಟ್ಸ್ ದಾಟಿ ಒಂದೆರಡು ಎಕ್ಸಿಟ್ ಆಚೆ. ನನಗೆ ಗ್ರೀನ್ ಕಾರ್ಡ್ ಇದೆ, ಇಂಗ್ಲಿಷ್ ಇಲ್ಲ.

ಎದುರು ಮನೆಯಲ್ಲಿ ಒಬ್ಬ ಬಿಳಿ ಮುದುಕ. ಅವನನ್ನು ನೋಡಿಕೊಳ್ಳಲು ಮೆಕ್ಸಿಕೋದ ಒಬ್ಬ ಹೆಂಗಸು ಬರುತ್ತಿದ್ದಳು, ನನ್ನ ಮಗಳಿಗಿಂತ ಸಣ್ಣವಳು. ಮಧ್ಯಾಹ್ನ ಮುದುಕ ಮಲಗಿದಾಗ ನಾವಿಬ್ಬರೂ ನಮ್ಮ ಬಡಾವಣೆಯ ಕೊನೆಯಲ್ಲಿರುವ ಪಾರ್ಕಿಗೆ ನಡೆಯಲು ಹೋಗುತ್ತಿದ್ದೆವು. ಅವಳು ಸ್ಪ್ಯಾನಿಷಿನಲ್ಲಿ ಮಾತಾಡುತ್ತಿದ್ದಳು, ನಾನು ಕನ್ನಡದಲ್ಲಿ. ಅವಳು ಮುದುಕನನ್ನು ಬೈಯುತ್ತಿದ್ದಳು ಅಂತ ಕಾಣುತ್ತದೆ. ನಾನಂತೂ ಮಗಳನ್ನು ಬೈಯುತ್ತಿದ್ದೆ. ಇಬ್ಬರಿಗೂ ಹಗುರಾಗುತ್ತಿತ್ತು. ನನ್ನನ್ನು ಅವಳು ‘ಅಬುಏಲಾ’ ಅನ್ನುತ್ತಿದ್ದಳು, ಅವರಲ್ಲಿ ಅಜ್ಜಿಗೆ ಹಾಗನ್ನುತ್ತಾರೆ.

ಒಂದು ಚಳಿಗಾಲ ನಾನು ಮನೆ ಮುಂದಿನ ಡ್ರೈವ್‌ವೇಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಓಡಿ ಬಂದು, ತನ್ನ ಕೋಟು ಬಿಚ್ಚಿ ನನಗೆ ಹೊದಿಸಿ, ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳು. ಅದರ ಹಿಂದೆ ಪೊಲೀಸರ ಕಾರೂ ಬಂತು. ಅವಳು ನನ್ನ ಕೈ ಬಿಡಲಿಲ್ಲ. ಅವಳಿಗೆ ಈ ದೇಶದಲ್ಲಿರಲು ಬೇಕಾದ ಕಾಗದ ಇಲ್ಲ ಅಂತ ನನಗೆ ಆಮೇಲೆ ಮಗಳು ಹೇಳಿದಳು. ಕಾಗದ ಇಲ್ಲದವಳು ಪೊಲೀಸರ ಕಾರು ಕಂಡೂ ಬರೀ ಅಂಗಿಯಲ್ಲಿ ಹಿಮದಲ್ಲಿ ಕೂತಿದ್ದಳು. ಇದು ನೆನಪಿರಲಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಕಳೆದ ಸಲ ಎಲೆ ಉದುರುವ ಹೊತ್ತಿಗೆ ಪಾರ್ಕಿನ ಪಾರ್ಕಿಂಗ್ ಲಾಟಿನಲ್ಲಿ ಕಪ್ಪು ಗಾಜಿನ ಕಾರುಗಳು ಬಂದು ನಿಲ್ಲತೊಡಗಿದವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಮಿಗ್ರೇಶನ್ ಗಂಡಸರು ಅಲ್ಲಿ ಕಾಫಿ ಕುಡಿದು, ಅಲ್ಲಿಂದಲೇ ಕಾಗದ ಇಲ್ಲದವರನ್ನು ಹಿಡಿಯಲು ಹೋಗುತ್ತಿದ್ದರು. ಅವಳ ನಡಿಗೆ ನಿಂತಿತು. ಕೆಲಸಕ್ಕೆ ಬಂದರೂ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಬಗ್ಗಿಕೊಂಡು ಬರುತ್ತಿದ್ದಳು, ಹಾಗೇ ಹೋಗುತ್ತಿದ್ದಳು. ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ.

ಆಗ ಸಿಟಿ ಕೌನ್ಸಿಲ್ಲಿನಲ್ಲಿ ಒಂದು ಠರಾವು ಬಂತು. ಊರಿನ ಪೊಲೀಸರು ಯಾರ ಕಾಗದವನ್ನೂ ಕೇಳಬಾರದು, ಹಿಡಿಯುವವರು ಊರಿನ ಪಾರ್ಕು, ಪಾರ್ಕಿಂಗ್ ಲಾಟು ಬಳಸಬಾರದು ಅಂತ. ಎರಡು ಸಭೆಯಲ್ಲಿ ಚರ್ಚೆ, ಎರಡನೆಯದರಲ್ಲಿ ವೋಟು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ತಿಳಿದದ್ದು ಶಾಲಿನ ಸುದ್ದಿ.

ನಮ್ಮ ಕಡೆಯ ಕನ್ನಡದವರಲ್ಲಿ ಒಬ್ಬ ಅಧ್ಯಕ್ಷ ಇದ್ದಾನೆ. ಯಾವುದೋ ಕಾಲದಲ್ಲಿ ಯಾವುದೋ ಕೂಟಕ್ಕೆ ಅಧ್ಯಕ್ಷನಾಗಿದ್ದ, ಇಳಿದ ಮೇಲೂ ಎಲ್ಲರೂ ಅಧ್ಯಕ್ಷರೇ ಅನ್ನಬೇಕು. ಮೈಸೂರು ಕಡೆಯವನು, ಲೈಲ್ ಊರಿನಲ್ಲಿ ದೊಡ್ಡ ಕೆಲಸ. ಮುಂದಿನ ಎಲೆಕ್ಷನ್ನಿಗೆ ತಾನೇ ಕೌನ್ಸಿಲ್ಲಿಗೆ ನಿಲ್ಲುವ ಆಸೆ. ಅವನು ಫೋನ್ ಮಾಡಿದ.

“ಅಜ್ಜಿ, ಬುಧವಾರ ಸಂಜೆ ಸಿಟಿ ಹಾಲ್‌ನಲ್ಲಿ ನಮ್ಮ ಸೀನಿಯರ್ಸ್‌ಗೆ ಒಂದು ಸನ್ಮಾನ ಇಟ್ಕೊಂಡಿದೀವಿ. ರೇಷ್ಮೆ ಸೀರೆ ಉಟ್ಕೊಂಡು ರೆಡಿ ಇರಿ, ವ್ಯಾನ್ ಕಳಿಸ್ತೀನಿ.”

“ಶಾಲು ಹೊದಸವರು ಯಾರಪಾ?”

“ಮೇಯರ್ ಕೈಯಿಂದ್ಲೇ ಅಜ್ಜಿ!”

ನಗಬೇಡಿ. ನಮ್ಮವರಲ್ಲಿ ಶಾಲಿಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಹಾಡಿದವರಿಗೆ ಶಾಲು, ರಂಗೋಲಿ ಹಾಕಿದವರಿಗೆ ಶಾಲು, ಮೈಕು ಕೊಟ್ಟವನಿಗೂ ಶಾಲು. ನಮ್ಮ ಹೆಡ್‌ಮಾಸ್ತರರು, ಮಗನ ಮನೆಯಲ್ಲಿರುವ ರಿಟೈರ್ಡ್ ಮನುಷ್ಯ, ಅವರ ಹತ್ತಿರ ಒಂದು ಕಪಾಟು ತುಂಬ ಶಾಲಿದೆ. ಈ ದೇಶದಲ್ಲಿ ನಾವು ಡಿಶ್‌ವಾಷರ್ ತುಂಬಿಸುವವರು, ಪಾರ್ಸೆಲ್ ಒಳಗಿಡುವವರು. ನಿಮ್ಮನ್ನು ವೇದಿಕೆಗೆ ಕರೆಯುತ್ತೇವೆ ಅಂತ ಯಾರಾದರೂ ಅಂದರೆ ಸೀರೆಯ ನೆರಿಗೆ ತಾನಾಗಿ ಬೀಳುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ವ್ಯಾನ್ ತುಂಬ ಮುದುಕ ಮುದುಕಿಯರು ಹೋದೆವು. ಬಾಗಿಲಲ್ಲಿ ಎಲ್ಲರ ಎದೆಗೂ ನೀಲಿ ಸ್ಟಿಕರ್ ಅಂಟಿಸಿದರು. ಅತಿಥಿಗಳ ಗುರುತು ಅಂದುಕೊಂಡೆ. ಎರಡನೇ ಸಾಲಿನಲ್ಲಿ ಕೂರಿಸಿದರು. ಯಾರ‍್ಯಾರೋ ಮೈಕಿಗೆ ಬಂದು ಕೂಗಾಡಿ ಹೋದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಸನ್ಮಾನಕ್ಕೆ ಮುಂಚೆ ಭಾಷಣ ಇರುವುದೇ ಅಂತ ಸುಮ್ಮನೆ ಕೂತೆವು. ಕೊನೆಗೆ ಅಧ್ಯಕ್ಷ ಮೈಕಿನ ಮುಂದೆ ಬಂದ. ಇಂಗ್ಲಿಷಿನಲ್ಲಿ ಏನೋ ಹೇಳಿ ನಮ್ಮ ಕಡೆ ತಿರುಗಿ, “ಎಲ್ಲರೂ ಎದ್ದೇಳಿ” ಅಂದ. ಎದ್ದೆವು. ಶಾಲು ಬಂತು ಅಂದುಕೊಂಡು ಕೈ ಮುಗಿದೆವು. ಚಪ್ಪಾಳೆ ಬಿತ್ತು. ನಾನು ನಕ್ಕೆ ಕೂಡ.

ಆಗ ಹಿಂದಿನ ಬಾಗಿಲ ಹತ್ತಿರ ಎದುರು ಮನೆಯ ಆ ಹೆಂಗಸು ಕಂಡಳು. ತನ್ನ ಚರ್ಚಿನ ಜನರ ನಡುವೆ ನಿಂತಿದ್ದಳು. ನನ್ನ ಮುಖ ನೋಡಿದಳು, ಎದೆಯ ಸ್ಟಿಕರ್ ನೋಡಿದಳು, ತಿರುಗಿ ಹೊರಗೆ ಹೋದಳು. ನಾನು ಮುಗಿದ ಕೈ ಮುಗಿದ ಹಾಗೇ ನಿಂತಿದ್ದೆ.

ಮನೆಗೆ ಬಂದಾಗ ಮಗಳು ಸ್ಟಿಕರ್ ಓದಿದಳು. “ಅವ್ವಾ, ಇದನ್ನ ಯಾರು ಹಚ್ಚಿದ್ರು ನಿನಗ? ಈ ಠರಾವು ಬ್ಯಾಡ ಅಂತ ಬರದೈತಿ ಇದರಾಗ.”

“ಸನ್ಮಾನ ಅಂದಿದ್ದ.”

“ಶಾಲು ಎಲ್ಲೈತಿ?”

“ಶಾಲೂ ಇಲ್ಲ, ಸುಡಗಾಡೂ ಇಲ್ಲ. ಪೇಪರ್ ಕಪ್ಪಿನ್ಯಾಗ ತಣ್ಣನ ಚಾ ಕೊಟ್ರು.”

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ರಾತ್ರಿ ನಾನು ಊಟ ಮಾಡಲಿಲ್ಲ. ದುಃಖಕ್ಕಲ್ಲ, ಸಿಟ್ಟಿಗೆ. ಬೆಳಗ್ಗೆ ಅವನಿಗೆ ಫೋನ್ ಮಾಡಿದೆ.

“ಯಾಕೋ, ನನ್ನ ಯಾಕ ಎಬ್ಬಿಸಿ ನಿಲ್ಲಿಸಿದಿ?”

“ಅಜ್ಜಿ, ನಾವೆಲ್ಲ ಕ್ಯೂನಲ್ಲಿ ನಿಂತು ಲೀಗಲ್ ಆಗಿ ಬಂದವ್ರು. ಅವ್ರು ಹಿಂಬಾಗ್ಲಿಂದ ಬಂದವ್ರು. ನಿಮಗೆ ಇದೆಲ್ಲ ಅರ್ಥ ಆಗಲ್ಲ, ಬಿಡಿ. ವೋಟಿಂಗ್ ದಿವ್ಸ ಇನ್ನೊಂದ್ಸಲ ಬನ್ನಿ, ಶಾಲು ಖಂಡಿತ.”

ಹಿಂಬಾಗಿಲು ಅಂದನಲ್ಲ, ಆ ಮಾತು ಕೇಳಿ ನನಗೆ ಒಂದು ವಿಷಯ ನೆನಪಾಯಿತು. ಅವನ ಹೆಂಡತಿಯ ತಮ್ಮ ಟೂರಿಸ್ಟ್ ವೀಸಾದಲ್ಲಿ ಬಂದವನು, ವೀಸಾ ಮುಗಿದರೂ ಹೋಗದೆ ವರ್ಷಗಟ್ಟಲೆ ಅಧ್ಯಕ್ಷನ ಬೇಸ್‌ಮೆಂಟಿನಲ್ಲೇ ಇದ್ದ. ಮನೆಗೆ ಬಂದವರಿಗೆಲ್ಲ ಅವನೇ ಕಾಫಿ ತರುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ಈಗ ಆ ತಮ್ಮ ಮದುವೆಯಾಗಿ, ಕಾಗದ ಸರಿಮಾಡಿಕೊಂಡು ಡೆಟ್ರಾಯಿಟ್ ಕಡೆ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದಾನೆ. “ಬರತೀನಪಾ,” ಅಂದೆ ಅಧ್ಯಕ್ಷನಿಗೆ, “ಎಲ್ಲಾರನ್ನೂ ಕರಕೊಂಡ ಬರತೀನಿ.”

ನಮ್ಮ ಮುದುಕರಿಗೆ ದಿನಾ ಬೆಳಗ್ಗೆ ಫೋನಿನಲ್ಲಿ ಪಾರಾಯಣ ಇದೆ. ಎಲ್ಲರೂ ಒಂದೇ ನಂಬರಿಗೆ ಹಚ್ಚಿ, ಅವರವರ ಮನೆಯಲ್ಲಿ ಕೂತು ಸ್ತೋತ್ರ ಹೇಳುವುದು. ಮಂಗಳಾರತಿ ಆದ ಮೇಲೆ ನಾನು ಬಾಯಿ ಬಿಟ್ಟೆ. ಮೊದಲು ಆ ಹೆಂಗಸಿನ ಕಥೆ ಹೇಳಿದೆ. ಒಬ್ಬರು ಕೆಮ್ಮಿದರು.

“ಕಾನೂನು ಅಂದ್ರೆ ಕಾನೂನಮ್ಮ,” ಅಂದರು ಹೆಡ್‌ಮಾಸ್ತರರು. ಅವರಿಗೆ ಕಿವಿ ಮಂದ, ಆದರೆ ಬೇಕಾದದ್ದು ಕೇಳಿಸುತ್ತದೆ.

ಆಗ ದಾರಿ ಬದಲಿಸಿದೆ. “ಅದಿರಲಿ ಮಾಸ್ತರ, ನಿಮಗ ಶಾಲು ಬಂತೇನು?”

“ಇಲ್ಲ.”

“ಹಾರ?”

“ಇಲ್ಲಮ್ಮ.”

“ನಮ್ಮನ್ನ ಕುರಿ ಹೊಡಕೊಂಡ ಹೋದಂಗ ಹೊಡಕೊಂಡ ಹೋಗಿ, ಸ್ಟಿಕರ್ ಹಚ್ಚಿ, ನಿಂದ್ರಿಸಿ, ಕೂಡಿಸಿ ಕಳಿಸಿದ. ಒಂದು ಉಪ್ಪಿಟ್ಟು ಸೈತ ಇಲ್ಲ. ಇವಕ್ಕೇನ ತಿಳೀತೈತಿ ಅಂತ ನನ್ನ ಕಿವಿಗೇ ಅಂದಾನ್ರೀ.”

ಫೋನಿನಲ್ಲಿ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಮಾಸ್ತರರ ಹೆಂಡತಿ, “ನಾನು ಮದುವೆ ಸೀರೆ ಉಟ್ಕೊಂಡು ಹೋಗಿದ್ದೆ ಕಣ್ರೀ!” ಅಂತ ಕೂಗಿದರು. ಸುಳ್ಳು ಹೇಳುವುದಿಲ್ಲ, ಆ ಹೆಂಗಸಿನ ಕಷ್ಟಕ್ಕೆ ಅವರಲ್ಲಿ ಒಬ್ಬರೂ ಕರಗಿರಲಿಲ್ಲ. ತಮಗಾದ ಅವಮಾನಕ್ಕೆ ಎಲ್ಲರೂ ಎದ್ದರು. ನನಗೆ ಯಾವುದಾದರೇನು, ವ್ಯಾನ್ ತುಂಬಿದರೆ ಸಾಕಿತ್ತು.

ಮಗಳು ಮಾತ್ರ ಹೆದರಿದಳು. “ಅವ್ವಾ, ನೀ ಸಿಟಿಜನ್ ಅಲ್ಲ. ಈಗಿನ ದಿನದಾಗ ಮೈಕ್ ಹಿಡಿಯೂದು ಬ್ಯಾಡ. ನಮಗ್ಯಾಕ?”

“ನಾ ಬಿದ್ದಾಗ ನಮಗ್ಯಾಕ ಅಂತ ಆಕಿ ಅಂದಿದ್ರ?” ಅಂದೆ. ವೋಟಿನ ಸಂಜೆ ಅವಳು ಆಸ್ಪತ್ರೆಯಿಂದ ನೇರವಾಗಿ ಸಿಟಿ ಹಾಲಿಗೆ ಬಂದಳು, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ನೇತಾಡುತ್ತಿತ್ತು. ನನ್ನ ಹೆಸರನ್ನು ಮಾತಾಡುವವರ ಸಾಲಿಗೆ ಬರೆಸಿದಳು.

ನಾವು ಅದೇ ವ್ಯಾನಿನಲ್ಲಿ, ಅದೇ ಸ್ಟಿಕರ್ ಅಂಟಿಸಿಕೊಂಡು, ಅದೇ ಸಾಲಿನಲ್ಲಿ ಕೂತೆವು. ಅಧ್ಯಕ್ಷ ಮಾತಾಡಿದ, ನಮ್ಮ ಕಡೆ ಕೈ ಚಾಚಿದ, “ಎದ್ದೇಳಿ” ಅಂದ.

ಯಾರೂ ಏಳಲಿಲ್ಲ.

“ಎದ್ದೇಳಿ, ಎದ್ದೇಳಿ,” ಅಂದ ಹಲ್ಲು ಕಚ್ಚಿ. ಮಾಸ್ತರರು ಅಭ್ಯಾಸಬಲದಿಂದ ಅರ್ಧ ಎದ್ದರು. “ಕೂತ್ಕೊಳ್ರೀ!” ಅಂತ ಹೆಂಡತಿ ಕೋಟು ಹಿಡಿದು ಎಳೆದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ನನ್ನ ಸ್ಟಿಕರ್ ಕಿತ್ತು ಮಡಿಲಲ್ಲಿಟ್ಟುಕೊಂಡೆ. ಪಕ್ಕದವರೂ ಕಿತ್ತರು. ಅವನ ಮುಖ ನೋಡುವಂತಿತ್ತು. ನಾನು ಕಣ್ತುಂಬ ನೋಡಿದೆ.

ಆಮೇಲೆ ನನ್ನ ಸರದಿ. ನಾನು ಕನ್ನಡದಲ್ಲಿ ಹೇಳಿದೆ, ಮಗಳು ಇಂಗ್ಲಿಷ್ ಮಾಡಿದಳು. “ಹಿಂದಿನ ಸಲ ನಮ್ಮನ್ನ ಸುಳ್ಳು ಹೇಳಿ ಕರಕೊಂಡ ಬಂದಿದ್ರು. ನಾವು ಎದ್ದು ನಿಂತದ್ದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಆ ಪಾರ್ಕಿನ್ಯಾಗ ದಿನಾ ಅಡ್ಡಾಡಾಕಿ ನಾನು. ನಾ ಜಾರಿ ಬಿದ್ದಾಗ ಎತ್ತಿದಾಕಿ ಈಗ ಅಲ್ಲಿ ಕಾಲಿಡಂಗಿಲ್ಲ. ನಿಮ್ಮ ಪಾರ್ಕು ಅಡ್ಡಾಡಾಕ ಐತೋ, ಮಂದಿ ಹಿಡಿಯಾಕ ಐತೋ, ಇವತ್ತ ಹೇಳ್ರಿ.”

ಆಮೇಲೆ ಮಗಳಿಗೆ, “ಇನ್ನ ಮುಂದಿನದು ನೀ ಹೇಳಬ್ಯಾಡ,” ಅಂದು ಅಧ್ಯಕ್ಷನ ಕಡೆ ತಿರುಗಿದೆ. ಮೈಕು ನನ್ನ ಬಾಯಿಯ ಮುಂದೆಯೇ ಇತ್ತು.

“ಹಿಂಬಾಗಲ ಅಂದಿದ್ದೆಲ್ಲೋ ತಮ್ಮಾ. ನಿನ್ನ ಬೇಸ್‌ಮೆಂಟಿಗೆ ಯಾವ ಬಾಗಲ ಇತ್ತು? ಅಲ್ಲಿದ್ದಾಂವ ತಂದ ಕಾಫಿ ನಾವೆಲ್ಲಾರೂ ಕುಡದೇವಿ. ನಾವು ಯಾರ ಮುಂದೂ ಹೇಳಲಿಲ್ಲ. ಹೇಳಿದ್ರ ಏನ ಆಗತಿತ್ತು ಅಂತ ನಿನ್ನ ಹೇಂತಿನ್ನ ಕೇಳು.”

ಅವನ ಹೆಂಡತಿ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದಳು. ಇವರು ಏನಂದರು ಅಂತ ಮೇಯರಮ್ಮ ಮಗಳನ್ನು ಕೇಳಿದರು. ಮಗಳು ಅವನ ಮುಖವನ್ನೊಮ್ಮೆ ನೋಡಿ, “ಪರಿಚಯದವರು, ಮನೆಯವರನ್ನು ವಿಚಾರಿಸಿದರು,” ಅಂದಳಂತೆ. ಅವನು ಸಭೆ ಮುಗಿಯುವ ಮೊದಲೇ ಎದ್ದು ಹೋದ. ಇಡೀ ವ್ಯಾನ್ ಮುದುಕರು ಅವನು ಹೋಗುವುದನ್ನು ಕುತ್ತಿಗೆ ತಿರುಗಿಸಿ ನೋಡಿದರು.

ಠರಾವು ಒಂದೇ ವೋಟಿನ ಅಂತರದಲ್ಲಿ ಪಾಸಾಯಿತು. ನಾನು ಮಾತಾಡಿದ್ದಕ್ಕೆ ಆಯಿತು ಅಂತ ನಾನು ಹೇಳುವುದಿಲ್ಲ. ಸ್ವಲ್ಪ ದಿನದಲ್ಲಿ ಪಾರ್ಕಿಂಗ್ ಲಾಟ್ ಖಾಲಿಯಾಯಿತು. ಕಾರುಗಳು ಬೇರೆಲ್ಲೋ ನಿಲ್ಲುತ್ತಿರಬಹುದು.

ಆ ಹೆಂಗಸು ಮಾತ್ರ ಕೂಡಲೇ ನಡೆಯಲು ಬರಲಿಲ್ಲ. ಆ ಸಂಜೆ ಅವಳು ಸಿಟಿ ಹಾಲಿನಲ್ಲಿರಲಿಲ್ಲ, ನಾನು ಹೇಳಿದ್ದನ್ನು ಕೇಳಿರಲಿಲ್ಲ. ಕಿಟಕಿಯಿಂದ ಕೈ ಬೀಸಿದರೆ ಪರದೆ ಎಳೆಯುತ್ತಿದ್ದಳು. ಇದಕ್ಕೆ ಅವನನ್ನು ನಾನು ದಿನಾ ಶಪಿಸಿದೆ, ಪಾರಾಯಣ ಮುಗಿದ ಮೇಲೆ, ಫೋನ್ ಇಡುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ. ಯಾರೂ ಬೇಡ ಅನ್ನಲಿಲ್ಲ.

ಆಮೇಲೆ ರಾಜ್ಯೋತ್ಸವದ ಕಾರ್ಯಕ್ರಮ ಬಂತು. ಅಧ್ಯಕ್ಷನಿಗೆ ಸನ್ಮಾನ ಅಂತ ಮೊದಲೇ ಗೊತ್ತುಮಾಡಿದ್ದರು. ಎಲ್ಲರಿಗಿಂತ ಹಿರಿಯಳು ಅಂತ ಶಾಲು ಹೊದಿಸಲು ನನ್ನನ್ನೇ ಕರೆದರು. ಕರೆದ ಹುಡುಗಿಗೆ ಪಾಪ ಏನೂ ಗೊತ್ತಿರಲಿಲ್ಲ. ವೇದಿಕೆ ಹತ್ತಿದೆ. ಅವನು ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದ. ತಟ್ಟೆಯಿಂದ ಶಾಲು ತೆಗೆದೆ, ಚೆನ್ನಾಗಿ ಕೊಡವಿದೆ, ನನ್ನ ಹೆಗಲಿಗೆ ಹಾಕಿಕೊಂಡೆ. “ಇದು ನಂದು. ಸಿಟಿ ಹಾಲಿನ್ಯಾಗ ಕೊಡಬೇಕಿತ್ತು, ಇವತ್ತ ಮುಟ್ಟಿತು,” ಅಂದೆ ಮೈಕಿನಲ್ಲಿ. ಇಳಿದು ಬಂದೆ. ಮೊದಲು ಚಪ್ಪಾಳೆ ಹೊಡೆದವರು ಮಾಸ್ತರರ ಹೆಂಡತಿ.

ಮರುದಿನ ಮಧ್ಯಾಹ್ನ ಅದೇ ಶಾಲು ಹೊದ್ದು ಒಬ್ಬಳೇ ಪಾರ್ಕಿಗೆ ಹೊರಟೆ. ಎದುರು ಮನೆಯ ಬಾಗಿಲು ತೆರೆಯಿತು. ಚರ್ಚಿನವರು ಏನಾದರೂ ಹೇಳಿದ್ದರೋ ಏನೋ, ಅವಳು ಬಂದು, ನನ್ನ ಕಡೆ ನೋಡದೆ, ಸ್ವಲ್ಪ ಮುಂದೆ ಮುಂದೆ ನಡೆದಳು. ಪಾರ್ಕಿನ ಬೆಂಚಿನ ಹತ್ತಿರ ನಿಂತು ಶಾಲಿನ ಜರಿಯಂಚು ಮುಟ್ಟಿದಳು. ಎಲ್ಲಿಯದು ಅಂತ ಹುಬ್ಬು ಹಾರಿಸಿದಳು.

ನಾನು ಕನ್ನಡದಲ್ಲೇ ಪೂರಾ ಕಥೆ ಹೇಳಿದೆ. ಕೊನೆಗೆ ಯಾರದೋ ಕೈಯಿಂದ ಕಸಿದುಕೊಂಡ ಹಾಗೆ ಕೈ ಮಾಡಿ ತೋರಿಸಿದೆ. ಅವಳು ಇನ್ನೊಮ್ಮೆ ತೋರಿಸು ಅಂತ ಸನ್ನೆ ಮಾಡಿದಳು. ನಾನು ಇನ್ನೊಮ್ಮೆ ಕಸಿದುಕೊಂಡೆ.