ಕಲ್ಲಪ್ಪನವರ ಬ್ಯಾಗು ಅಳೆಯುವ ಪಂಜರ

ಕೋಲ್ಕತ್ತಾದ ಕಸ್ಬಾ ಬಡಾವಣೆಯ ಆ ಮೂರಂತಸ್ತಿನ ಮನೆಯಲ್ಲಿ ಕಲ್ಲಪ್ಪ ಹೊಸಮನಿಯವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೆಂಡತಿ ಚನ್ನಮ್ಮನಿಗೆ ಅವರು ‘ಏನ್ರೀ’, ಉಳಿದವರಿಗೆಲ್ಲ ‘ಗೇಜ್ ಬಾಬು’. ಕುಂದಗೋಳದ ಕಡೆಯಿಂದ ಇಪ್ಪತ್ತೆರಡರ ಹರೆಯದಲ್ಲಿ ಹೌರಾದ ವ್ಯಾಗನ್ ಕಾರ್ಖಾನೆಗೆ ಬಂದವರು ಮೂವತ್ತಾರು ವರ್ಷ ಒಂದೇ ಕೆಲಸ ಮಾಡಿದ್ದರು. ತಯಾರಾಗಿ ಬಂದ ಬಿಡಿಭಾಗಕ್ಕೆ ಉಕ್ಕಿನ ಗೇಜ್ ಹಿಡಿಯುವುದು, ಕೂತರೆ ‘ಪಾಸ್’, ಕೂರದಿದ್ದರೆ ‘ವಾಪಸ್’ ಎನ್ನುವುದು. ವಾಪಸ್ ಎಂದ ಮೇಲೆ ಜನರಲ್ ಮ್ಯಾನೇಜರ್ ಬಂದು ಬೇಡಿಕೊಂಡರೂ ಪಾಸ್ ಎನ್ನುತ್ತಿರಲಿಲ್ಲ.

ನಿವೃತ್ತಿಯ ದಿನ ಗೇಜನ್ನು ಕಾರ್ಖಾನೆಗೆ ಒಪ್ಪಿಸಿ ಬಂದರೇ ಹೊರತು ಅಳೆಯುವ ಚಟವನ್ನು ಒಪ್ಪಿಸಿ ಬರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಉಕ್ಕಿನ ಟೇಪು. ಗರಿಯಾಹಾಟಿನ ಬಜಾರಿನಲ್ಲಿ ಐದೂವರೆ ಮೀಟರ್ ಎಂದು ಮಾರುವ ಸೀರೆಯನ್ನು ಫುಟ್‌ಪಾತಿನ ಮೇಲೇ ಹಾಸಿ ಅಳೆದಿದ್ದರು. ಮನೆ ಮಾಲೀಕರ ಮಗಳ ಮದುವೆಯಲ್ಲಿ ಎರಡು ಲುಚಿ ಪೂರಿ ಪಕ್ಕಪಕ್ಕ ಇಟ್ಟು, “ಇದು ಅದಕ್ಕಿಂತ ಎಂಟು ಮಿಲಿಮೀಟರ್ ಸಣ್ಣದೈತಿ” ಎಂದು ಬಡಿಸುವವನನ್ನು ಗಾಬರಿಪಡಿಸಿದ್ದರು. ಚನ್ನಮ್ಮ ಅಂಥ ಹೊತ್ತಿನಲ್ಲೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು, ಈ ಮನುಷ್ಯನ ಪರಿಚಯವೇ ಇಲ್ಲವೆಂಬಂತೆ ಬೇರೆ ಕಡೆ ನೋಡುತ್ತಿದ್ದರು.

ಎರಡು ಸಾವಿರದ ಆರರ ಮೇ ತಿಂಗಳ ಒಂದು ಮಧ್ಯಾಹ್ನ ಮೇಲಿನ ಮನೆಯ ಮಿಥುನ್ ಮೆಟ್ಟಿಲು ಹತ್ತಿ ಬಂದ. ಬೆಂಗಳೂರಿನ ಹುಡುಗ, ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರೆಲ್ಲ ಬೆವರಿನಲ್ಲಿ ತೊಯ್ದಿದ್ದರೆ ಅವನ ಮೈಮೇಲೆ ಮೂರು ಅಂಗಿ, ಅದರ ಮೇಲೊಂದು ಸ್ವೆಟರು.

“ಏನಪಾ, ಚಳಿಜ್ವರ ಬಂದಾವೇನು?” ಎಂದರು ಕಲ್ಲಪ್ಪನವರು.

“ಜ್ವರ ಅಲ್ಲ ಅಂಕಲ್, ಫ್ಲೈಟಲ್ಲಿ ಬಂದೆ. ಏರ್‌ಪೋರ್ಟಲ್ಲಿ ಒಂದು ಕಬ್ಬಿಣದ ಪಂಜರ ಇಟ್ಟಿದಾರೆ. ಬ್ಯಾಗು ಅದರೊಳಗೆ ಇಳಿದ್ರೆ ಮಾತ್ರ ಕೈಯಲ್ಲಿ ತಗೊಂಡು ಹೋಗ್ಬೋದಂತೆ. ನನ್ನದು ಇಳೀಲಿಲ್ಲ. ಅರ್ಧ ಬ್ಯಾಗು ಬಿಚ್ಚಿ ಮೈಮೇಲೆ ಹಾಕ್ಕೊಂಡೆ.”

“ಪಂಜರದ ಅಳತಿ ಎಷ್ಟು?”

“ಐವತ್ತೈದು, ಮೂವತ್ತೈದು, ಇಪ್ಪತ್ತೈದು ಸೆಂಟಿಮೀಟರ್ ಅಂತ ಬೋರ್ಡಲ್ಲಿ ಬರ್ದಿತ್ತು.”

“ಹೆಚ್ಚುಕಡಿಮಿ ಎಷ್ಟು ಬಿಡ್ತಾರ?”

“ಏನು ಹೆಚ್ಚುಕಡಿಮೆ?”

“ಅಳತಿ ಅಂದಮ್ಯಾಲ ಹೆಚ್ಚುಕಡಿಮಿ ಇರಬೇಕಲ್ಲಪಾ. ಎರಡು ಮಿಲಿಮೀಟರೋ, ಮೂರೋ?”

“ಅದನ್ನ ಯಾರೂ ಹೇಳ್ಲಿಲ್ಲ ಅಂಕಲ್. ನಾನು ಮೊದ್ಲು ಈ ಸ್ವೆಟರ್ ಬಿಚ್ಲಾ?”

ನಿವೃತ್ತರಾದ ನಾಲ್ಕು ತಿಂಗಳಲ್ಲಿ ಕಲ್ಲಪ್ಪನವರ ಮುಖದ ಮೇಲೆ ಅಂಥ ಕಳೆ ಬಂದದ್ದು ಅದೇ ಮೊದಲು. ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಇನ್ನೂ ಗೇಜ್ ಇಟ್ಟು ಪಾಸ್, ವಾಪಸ್ ಹೇಳುತ್ತಿದ್ದಾರೆ! ಮರುದಿನವೇ ಹೌರಾಕ್ಕೆ ಹೋದರು. ಗುರುತಿನ ವೆಲ್ಡರನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನ ತಲೆ ತಿಂದು, ಸರಳುಗಳನ್ನು ಮೂರು ಸಲ ಬಿಚ್ಚಿಸಿ ಮತ್ತೆ ಬೆಸೆಯಿಸಿ, ಒಂದು ಪಂಜರ ಮಾಡಿಸಿಕೊಂಡರು. ಅದನ್ನು ತಬ್ಬಿಕೊಂಡು ಮಿನಿಬಸ್ಸು ಹತ್ತಿದಾಗ ಕಂಡಕ್ಟರ್ ಒಳಗೆ ಬಗ್ಗಿ ನೋಡಿದ.

“ದಾದಾ, ಇದರೊಳಗಿದ್ದ ಪ್ರಾಣಿ ಎಲ್ಲಿ?”

“ಪ್ರಾಣಿ ಇಲ್ಲ. ಬ್ಯಾಗು ಇಳಿಸುವುದಕ್ಕೆ” ಎಂದರು ಕಲ್ಲಪ್ಪನವರು ತಮ್ಮ ಬಂಗಾಳಿಯಲ್ಲಿ.

ಕಂಡಕ್ಟರ್ ಸ್ವಲ್ಪ ಯೋಚಿಸಿ, ಮುಂದಿನ ಸ್ಟಾಪಿನವರೆಗೂ ಅವರಿಂದ ಎರಡು ಸೀಟು ದೂರವೇ ನಿಂತ.

ಪಂಜರಕ್ಕೆ ಹಸಿರು ಬಣ್ಣ ಬಳಿದು ಹೊರಕೋಣೆಯಲ್ಲಿ ಸ್ಥಾಪಿಸಿದ್ದಾಯಿತು. ಮೊದಲ ವಾರ ಚನ್ನಮ್ಮ ಅದರ ಮೇಲೆ ಒದ್ದೆ ಟವೆಲು ಒಣಗಿಸಿ ತಮ್ಮ ಅಭಿಪ್ರಾಯ ತಿಳಿಸಿದರು. ಎರಡನೆಯ ಶನಿವಾರ ಮಿಥುನ್ ತನ್ನ ಆಫೀಸಿನ ಇಬ್ಬರನ್ನು ಕರೆತಂದ. ಮೂರನೆಯ ಶನಿವಾರ ಒಂಬತ್ತು ಜನ ಬಂದರು. ಅಗ್ಗದ ವಿಮಾನಗಳು ಆಗ ಹೊಸತು. ಸೆಕ್ಟರ್ ಫೈವಿನ ಮಕ್ಕಳೆಲ್ಲ ಎರಡು ದಿನ ರಜೆ ಸಿಕ್ಕರೆ ಹಾರುತ್ತಿದ್ದರು. ಮೆಟ್ಟಿಲ ತುಂಬ ಬ್ಯಾಗು ಹಿಡಿದ ಜನ ನಿಂತದ್ದನ್ನು ಕಂಡು ಎದುರುಮನೆಯವರು, ಗೇಜ್ ಬಾಬು ಮನೆ ಖಾಲಿ ಮಾಡುತ್ತಿದ್ದಾರೇನೋ ಎಂದು ವಿಚಾರಿಸಲು ಬಂದರು.

ಕಲ್ಲಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂರುತ್ತಿದ್ದರು. ಬ್ಯಾಗು ಇಳಿಸುವುದು, ಎತ್ತುವುದು, ಮಗ್ಗಲು ಹೊರಳಿಸುವುದು. ಇಳಿದರೆ ತಾರೀಖು ಹಾಕಿ, ಸಹಿ ಮಾಡಿ, ‘ಪಾಸ್’ ಎಂಬ ಚೀಟಿ. ಇಳಿಯದಿದ್ದರೆ ಉಪದೇಶ.

“ಗಾಲಿ ಸೇರಿಸಿ ಅಳೀತಾರವಾ ತಂಗಿ. ಗಾಲಿ ಅಂದ್ರ ಬ್ಯಾಗಿನ ಶತ್ರು.”

ಆ ಚೀಟಿಗೆ ವಿಮಾನ ನಿಲ್ದಾಣದಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಆದರೆ ಅವರ ಪಂಜರದಲ್ಲಿ ಇಳಿದ ಬ್ಯಾಗು ಅಲ್ಲಿಯೂ ಇಳಿಯುತ್ತಿತ್ತು. ಬಂದವರು ಹೋಗುವಾಗ ಚನ್ನಮ್ಮನ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಹೊಗಳುತ್ತಿದ್ದರಿಂದ ಪಂಜರದ ಮೇಲಿನ ಟವೆಲೂ ಮಾಯವಾಯಿತು.

ಒಂದೇ ಒಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಕಲ್ಲಪ್ಪನವರು ಹುಟ್ಟಿದಾಗಿನಿಂದ ವಿಮಾನ ಹತ್ತಿರಲಿಲ್ಲ.

ನವೆಂಬರಿನಲ್ಲಿ ಚನ್ನಮ್ಮನ ತಮ್ಮನ ಮಗಳ ಮದುವೆ ಹುಬ್ಬಳ್ಳಿಯಲ್ಲಿ ನಿಶ್ಚಯವಾಯಿತು. ರೈಲಿನಲ್ಲಿ ಜಾಗ ಸಿಗಲಿಲ್ಲ. ಮಿಥುನ್ ಬೆಂಗಳೂರಿನವರೆಗೆ ಎರಡು ವಿಮಾನ ಟಿಕೆಟ್ ಮಾಡಿಸಿಕೊಟ್ಟ. ಕಲ್ಲಪ್ಪನವರು ನಾಲ್ಕು ಅಂಗಡಿ ತಿರುಗಿ ಒಂದು ಗಟ್ಟಿ ಪೆಟ್ಟಿಗೆ ಆರಿಸಿದರು. ಬಟ್ಟೆಯ ಬ್ಯಾಗು ಒತ್ತಿದರೆ ಕುಗ್ಗುತ್ತದೆ, ಅದಕ್ಕೆ ಮಾತಿನ ಮೇಲೆ ನಿಲ್ಲುವ ಗುಣವಿಲ್ಲ ಎಂಬುದು ಅವರ ಮತ. ಪೆಟ್ಟಿಗೆ ಹಸಿರು ಪಂಜರದೊಳಗೆ ಬೆಣ್ಣೆಯಂತೆ ಇಳಿಯಿತು. ತಮಗೆ ತಾವೇ ಪಾಸ್ ಚೀಟಿ ಬರೆದುಕೊಂಡರು.

ದಮ್‌ದಮ್ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ, ಎದೆಯ ಪಟ್ಟಿಯ ಮೇಲೆ ಸುದೇಷ್ಣಾ ಎಂದಿತ್ತು, ಪೆಟ್ಟಿಗೆಯತ್ತ ಬೆರಳು ತೋರಿ ಹಿಂದಿಯಲ್ಲಿ, “ಅಂಕಲ್, ಅದರಲ್ಲಿ ಇಟ್ಟು ತೋರಿಸಿ” ಎಂದಳು.

ಕಲ್ಲಪ್ಪನವರು ನಸುನಕ್ಕು ಪೆಟ್ಟಿಗೆ ಇಟ್ಟರು. ಅದು ಅರ್ಧ ಇಳಿದು ನಿಂತುಬಿಟ್ಟಿತು.

ಎತ್ತಿ ಹೊರಳಿಸಿ ಇಟ್ಟರು. ನಿಂತಿತು. ಕಿವಿ ಬಿಸಿಯಾದವು. ಆರು ತಿಂಗಳಲ್ಲಿ ಕೊಟ್ಟ ಚೀಟಿಗಳೆಲ್ಲ ಕಣ್ಮುಂದೆ ಹಾರಾಡಿದವು.

“ಒಂದು ರೊಟ್ಟಿ ಗಂಟು ತಗೀಲೇನ್ರೀ?” ಎಂದರು ಚನ್ನಮ್ಮ.

“ರೊಟ್ಟಿ ತಗದ್ರ ಪೆಟಗಿ ಸಣ್ಣದಾಕ್ಕೈತೇನ?” ಎಂದು ಗದರಿ, ಜೇಬಿನಿಂದ ಟೇಪು ಎಳೆದರು. ಪೆಟ್ಟಿಗೆ ಅಳೆದರು, ಸರಿ ಇತ್ತು. ಆಮೇಲೆ ಪಂಜರವನ್ನು ಅಳೆದರು. ಎರಡು ಸಲ ಅಳೆದರು. ಎದ್ದು ನಿಂತಾಗ ಅವರ ದನಿಯೇ ಬೇರೆಯಾಗಿತ್ತು.

“ಮೇಡಂ, ಬೋರ್ಡಿನ ಮೇಲೆ ಮೂವತ್ತೈದು. ಇಲ್ಲಿ ಮೂವತ್ಮೂರು. ಬೋರ್ಡು ಸುಳ್ಳೋ, ಪಂಜರ ಸುಳ್ಳೋ?”

ಯಾವುದೋ ಸಾಮಾನಿನ ಗಾಡಿ ಗುದ್ದಿ ಒಂದು ಬದಿಯ ಕಂಬಿ ಒಳಕ್ಕೆ ಬಾಗಿತ್ತು. ಸುದೇಷ್ಣಾ ಕಂಬಿಯನ್ನು ನೋಡಿದಳು, ಟೇಪು ನೋಡಿದಳು, ಮೇಲ್ವಿಚಾರಕನನ್ನು ಕರೆದಳು. ಅಷ್ಟರಲ್ಲಿ ಸಾಲಿನಲ್ಲಿದ್ದವರಿಗೆಲ್ಲ ಸುದ್ದಿ ಹಬ್ಬಿತು. ಕೋಲ್ಕತ್ತಾದಲ್ಲಿ ಚರ್ಚೆಗೆ ಒಂದು ವಿಷಯ ಸಿಕ್ಕಿದರೆ ವಿಮಾನ ಕಾಯಬೇಕಾಗುತ್ತದೆ. ಮಂಕಿಕ್ಯಾಪ್ ಹಾಕಿದ್ದ ವೃದ್ಧರೊಬ್ಬರು ಮೂರು ಜನರ ತನಿಖಾ ಸಮಿತಿಯಾಗಬೇಕೆಂದರು. ಅದು ಐದು ಜನರದಾಗಲಿ ಎಂದು ಇನ್ನೊಬ್ಬರು. ಹಿಂದಿನಿಂದ ಯಾರೋ “ಚೋಲ್ಬೇ ನಾ! ನಡೆಯೋದಿಲ್ಲ!” ಎಂದು ಕೂಗಿದರು, ಏನು ನಡೆಯಬಾರದೆಂದು ಗೊತ್ತಿಲ್ಲದವರೂ ದನಿಗೂಡಿಸಿದರು.

ಮೇಲ್ವಿಚಾರಕ ಬಂದು ಹಣೆ ಒರೆಸಿಕೊಂಡ. “ಸರ್, ಈಗ ಏನು ಮಾಡೋಣ ಹೇಳಿ?”

ಮೂವತ್ತಾರು ವರ್ಷದಲ್ಲಿ ಯಾವ ಅಧಿಕಾರಿಯೂ ಕಲ್ಲಪ್ಪನವರನ್ನು ಇಷ್ಟು ನಯವಾಗಿ ಕೇಳಿರಲಿಲ್ಲ. ಅವರು ಅಂಗಿಯ ತೋಳು ಮಡಚಿದರು. ಸಾಲಿನಿಂದ ನಾಲ್ಕು ಗಟ್ಟಿ ಆಳುಗಳನ್ನು ಆರಿಸಿ, ಇಬ್ಬರನ್ನು ಪಂಜರ ಹಿಡಿಯಲು, ಇಬ್ಬರನ್ನು ಕಂಬಿ ಎಳೆಯಲು ನಿಲ್ಲಿಸಿದರು.

“ಸಾವಕಾಶ. ಒಂದೊಂದು ಮಿಲಿಮೀಟರ್...”

“ಹೇಇಯೋ!” ಎಂದು ನಾಲ್ವರೂ ಜಗ್ಗಿದರು. ಕಂಬಿ ಕಿರ್ರೆಂದು ಹೊರಬಂತು. ಪೆಟ್ಟಿಗೆ ದೊಪ್ಪನೆ ತಳ ಸೇರಿತು. ಚಪ್ಪಾಳೆ ಬಿತ್ತು. ಸಮಿತಿ ರಚನೆಯಾಗುವ ಮುನ್ನವೇ ವಿಸರ್ಜನೆಯಾಯಿತು.

ಕಲ್ಲಪ್ಪನವರು ಮಾತ್ರ ಮತ್ತೆ ಟೇಪು ಹಿಡಿದು ಕೂತರು. ಮುಖ ಗಂಭೀರವಾಯಿತು.

“ಮೂವತ್ತೊಂಬತ್ತಾಗಿದೆ” ಎಂದರು. “ನಾಲ್ಕು ಹೆಚ್ಚು. ವಾಪಸ್ ಒತ್ತಬೇಕು.”

ಚಪ್ಪಾಳೆ ಗಪ್ಪಾಯಿತು. ಆಗಷ್ಟೇ ಅವರನ್ನು ಹೊಗಳಿದ್ದ ಮಂಕಿಕ್ಯಾಪಿನವರು ತಮ್ಮ ದಪ್ಪ ಬ್ಯಾಗನ್ನು ತೊಡೆಗೆ ಅವುಚಿಕೊಂಡರು. “ದಾದಾ, ಚೆನ್ನಾಗಿಯೇ ಇದೆಯಲ್ಲ, ಬಿಟ್ಟುಬಿಡಿ.”

“ಹ್ಯಾಂಗ ಬಿಡೂದು? ಅಳತಿ ತಪ್ಪೇತಿ!” ಗಡಿಬಿಡಿಯಲ್ಲಿ ಕಲ್ಲಪ್ಪನವರ ಬಾಯಿಂದ ಕನ್ನಡವೇ ಬಂತು. ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರೂ ವಿರೋಧಿಸಿದರು. ಈ ಸಲದ “ಚೋಲ್ಬೇ ನಾ” ಅವರ ಮೇಲೆಯೇ ಬಿತ್ತು. ಕಂಬಿ ಎಳೆದ ನಾಲ್ವರೂ ಎದೆಯುಬ್ಬಿಸಿ ಪಂಜರಕ್ಕೆ ಕಾವಲು ನಿಂತರು. ಒಬ್ಬೊಬ್ಬರಾಗಿ ತಮ್ಮ ಬ್ಯಾಗು ಇಳಿಸಿ, ಎತ್ತಿ, ನಗುತ್ತ ಮುಂದೆ ಹೋದರು. ಹಾರ್ಮೋನಿಯಂ ಪೆಟ್ಟಿಗೆಯೊಂದು ಕೂಡ ಪಾಸಾಯಿತು.

“ಅಂಕಲ್, ದಯವಿಟ್ಟು ನೀವೂ ಹೋಗಿ” ಎಂದಳು ಸುದೇಷ್ಣಾ, ಅಳುವ ದನಿಯಲ್ಲಿ. ಚನ್ನಮ್ಮ ಗಂಡನ ಅಂಗಿಯ ತುದಿ ಹಿಡಿದು ಎಳೆದೇ ಒಯ್ದರು.

ಈ ಗಲಾಟೆಯಿಂದಾಗಿ ಅವರಿಬ್ಬರೂ ವಿಮಾನ ಹತ್ತುವುದರಲ್ಲಿ ಕೊನೆಯವರಾದರು. ತಲೆಯ ಮೇಲಿನ ಗೂಡುಗಳೆಲ್ಲ ತುಂಬಿಹೋಗಿದ್ದವು. ಒಂದರೊಳಗಿಂದ ಹಾರ್ಮೋನಿಯಂ ಇಣುಕುತ್ತಿತ್ತು. ಗಗನಸಖಿ ಬಂದು, ಜಾಗವಿಲ್ಲ, ಪೆಟ್ಟಿಗೆಯನ್ನು ಕೆಳಗಿನ ಲಗೇಜಿಗೆ ಹಾಕುತ್ತೇವೆ ಎಂದಳು.

“ಇದು ಪಾಸ್ ಆದ ಪೆಟ್ಟಿಗೆ!” ಎಂದು ಕಲ್ಲಪ್ಪನವರು ಚೀಟಿ ತೋರಿಸಿದರು. ಆಕೆ ಅದನ್ನು ಗೌರವದಿಂದ ಓದಿ, ಮಡಚಿ ಅವರ ಕೈಗೇ ಕೊಟ್ಟು, ಪೆಟ್ಟಿಗೆ ತೆಗೆದುಕೊಂಡು ಹೋದಳು.

ಚನ್ನಮ್ಮ ನಗತೊಡಗಿದವರು ಒಡಿಶಾ ದಾಟಿದರೂ ನಿಲ್ಲಿಸಲಿಲ್ಲ. ಕಲ್ಲಪ್ಪನವರು ಮೊದಲು ಸಿಟ್ಟಾದರು, ಆಮೇಲೆ ಕಿಟಕಿಯ ಅಳತೆ ತೆಗೆದುಕೊಂಡರು, ಆಮೇಲೆ ಮೋಡ ನೋಡುತ್ತ ಕೂತರು. ಮೋಡಕ್ಕೆ ಟೇಪು ಹಿಡಿಯುವ ದಾರಿ ಅವರಿಗೆ ತೋಚಲಿಲ್ಲ. ಅದೂ ಒಂದು ಥರ ಹಿತವಾಗಿಯೇ ಇತ್ತು.

ಬೆಂಗಳೂರಿನಲ್ಲಿ ಲಗೇಜು ಬರುವ ಬೆಲ್ಟಿನ ಮುಂದೆ ಇಬ್ಬರೂ ಕಾದು ನಿಂತರು. ಮಂಕಿಕ್ಯಾಪಿನವರು ದಪ್ಪ ಬ್ಯಾಗು ಎಳೆಯುತ್ತ, “ಧನ್ಯವಾದ ದಾದಾ, ನಿಮ್ಮಿಂದ ಉಪಕಾರವಾಯಿತು” ಎಂದು ಕೈಬೀಸಿ ಹೊರನಡೆದರು. ಹಾರ್ಮೋನಿಯಂ ಕೂಡ ಹೋಯಿತು.

“ಆ ಪೆಟಗಿ ಎಂದು ಬರ್ತೈತೋ ಏನೋ” ಎಂದು ಚನ್ನಮ್ಮ ಟ್ರಾಲಿಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದರು. ತೂಕ ಕಡಿಮೆಯಾಗಲೆಂದು ದಮ್‌ದಮ್‌ನಲ್ಲೇ ಅದನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದ್ದರು. “ಬರ್ರೀ, ಉಣ್ಣೂಣು.”

ಕಲ್ಲಪ್ಪನವರು ಪಕ್ಕದಲ್ಲಿ ಕೂತರು. ಹೆಂಡತಿ ಕೊಟ್ಟ ರೊಟ್ಟಿ ಎಂದಿಗಿಂತ ಸಣ್ಣದಿತ್ತು. ಅವರು ಜೇಬಿನ ಟೇಪು ಮುಟ್ಟದೆ ತಿಂದರು.