ಕಾಗುಣಿತವಿಲ್ಲದ ಪುಸ್ತಕ, ಕೈತಪ್ಪಿದ ಬೀಗರು

ಕಳೆದ ಸೋಮವಾರ ನನ್ನ ಮಗಳ ಮದುವೆಯನ್ನು ಒಂದು ಪುಸ್ತಕ ಮುರಿಯಿತು. ಅದು ಯಾರಿಗೂ ಏನೂ ಅನ್ನಲಿಲ್ಲ. ಸುಮ್ಮನೆ ಮೇಜಿನ ಮೇಲೆ ಬಿದ್ದುಕೊಂಡಿತ್ತು.

ನಾನು ಈಚೆಗೆ ಅರಬ್ಬಿ ಕಲಿಯುತ್ತಿದ್ದೇನೆ. (ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುವವನಿಗೆ ಇದೆಲ್ಲ ಯಾಕೆ ಎಂದು ನೀವೂ ಕೇಳುತ್ತೀರಿ. ಹಂಪಿ ದಾರಿಯ ಹಳೆಯ ಗೋರಿಯ ಮೇಲೆ ಏನು ಬರೆದಿದೆ ಎಂದು ಓದುವ ಚಪಲ, ಅಷ್ಟೇ.) ಕಲಿಸುವವರು ನಮ್ಮ ಓಣಿಯ ಮೌಲ್ವಿ ಸಾಹೇಬರು. ನಮ್ಮ ಗುಡಿಸು, ಕೊಂಬುಗಳಂಥ ಗುರುತುಗಳನ್ನು ಅರಬ್ಬಿಯಲ್ಲಿ ಮಕ್ಕಳ ಪುಸ್ತಕಕ್ಕೆ ಹಚ್ಚುತ್ತಾರೆ. ದೊಡ್ಡವರಿಗೆ ಬೋಳು ಅಕ್ಷರವೇ ಗತಿ. ಕ, ತ, ಬ ಎಂದು ಮೂರೇ ಇದ್ದರೆ ‘ಬರೆದನು’ ಎಂದೂ ಆಗಬಹುದು, ‘ಪುಸ್ತಕಗಳು’ ಎಂದೂ ಆಗಬಹುದು.

“ಗಡಿಬಿಡಿ ಮಾಡಬ್ಯಾಡ್ರಿ ಸಾವ್ಕಾರ್ರ,” ಎನ್ನುತ್ತಾರೆ ಸಾಹೇಬರು. “ಮೊದಲ ಬೇರು ಹಿಡೀರಿ. ಹಿಂದ ಮುಂದ ನೋಡ್ರಿ. ಆಮ್ಯಾಲ ಬಾಯಿ ತೆಗೀರಿ.”

ಸಂಡೂರಿನಿಂದ ಹೆಣ್ಣು ನೋಡಲು ಬಂದವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ವರನ ತಂದೆ ವಕೀಲರು. ಮಗಳು ಮಾಡಿದ ಉಪ್ಪಿಟ್ಟು ತಿಂದರು, ಮೆಚ್ಚಿದರು, ಮತ್ತೆ ಹಾಕಿಸಿಕೊಂಡರು. ಆಗ ಕಣ್ಣು ಪುಸ್ತಕದ ಮೇಲೆ ಬಿತ್ತು.

“ಇದೇನ್ರಿ?”

“ಅರಬ್ಬಿ ರೀ. ಸಾಹೇಬ್ರ ಹತ್ರ ಕಲಿಯಾಕ ಹತ್ತೀನಿ.”

ಮುಗಿಯಿತು! ಮೇಜಿನ ಮೇಲೆ ಅರಬ್ಬಿ, ಓಣಿಯಲ್ಲಿ ಮೌಲ್ವಿ, ಮನೆಯಲ್ಲಿ ಮದುವೆ ವಯಸ್ಸಿನ ಹುಡುಗಿ. ಉಳಿದದ್ದನ್ನು ವಕೀಲರು ತಾವೇ ತುಂಬಿಕೊಂಡರು. ಈ ಮನೆಯವರು ಜಾತಿ ಬಿಡುವವರಿದ್ದಾರೆ, ಹುಡುಗಿಯನ್ನೂ ಆ ದಾರಿಗೆ ಹಚ್ಚಿದ್ದಾರೆ! (ಬಾಯಿಬಿಟ್ಟು ಹೇಳದ್ದು ಇನ್ನೂ ಕೊಳಕಾಗಿತ್ತು.)

“ಇಂಥ ಅಕ್ಷರ ಇರೋ ಮನಿ ನಮಗ ಬ್ಯಾಡ್ರಿ,” ಎಂದು ಎದ್ದೇಬಿಟ್ಟರು.

ವಕೀಲ, ತಕರಾರು, ಜಾಮೀನು, ಹುಕುಂ. ಎಲ್ಲ ಅರಬ್ಬಿಯಿಂದ ಬಂದ ಮಾತುಗಳೇ. ಈ ಮಹಾಶಯರಿಗೆ ಹೊಟ್ಟೆ ಹೊರೆಯಲು ಅರಬ್ಬಿ ಆಗುತ್ತದೆ, ಬೀಗರ ಮೇಜಿನ ಮೇಲಿದ್ದರೆ ಮೈಲಿಗೆ! ಮದರಾಸಿಗೆ ಹೋಗಿ ಬಿ.ಎಲ್. ಮಾಡಿ ಬಂದ ತಲೆಯಂತೆ ಇದು. ಅಲ್ಲಿ ಓದಿಸಿದ್ದಾದರೂ ಏನನ್ನು?

ಮರುದಿನ ಸಂಬಂಧ ತಂದಿದ್ದ ಮಧ್ಯಸ್ಥರು ಬಂದರು. ಪುಸ್ತಕ ಹೊಳೆಗೆ ಹಾಕಿ, ಸಾಹೇಬರ ಸಹವಾಸ ಬಿಟ್ಟರೆ ಬೀಗರು ಇನ್ನೊಮ್ಮೆ ಯೋಚನೆ ಮಾಡುತ್ತಾರಂತೆ. ಏನು ಔದಾರ್ಯ! ನನಗೆ ಮೈಯೆಲ್ಲ ಉರಿಯಿತು. ಆದರೂ, ಸುಳ್ಳೇಕೆ ಹೇಳಲಿ, ಹೆಣ್ಣು ಹೆತ್ತವನ ಕೈ ಪುಸ್ತಕದ ಕಡೆಗೆ ಹೋಯಿತು. ಒಳ್ಳೆಯ ಸಂಬಂಧ. ಮಗಳ ಬಾಳಿಗಿಂತ ಗೋರಿಯ ಬರಹ ದೊಡ್ಡದೇ?

ಅಲ್ಲಿಯವರೆಗೆ ಬಾಗಿಲ ಮರೆಯಲ್ಲಿದ್ದ ಮಗಳು ಈಚೆ ಬಂದು ಪುಸ್ತಕ ಎತ್ತಿಕೊಂಡಳು.

“ಅಪ್ಪಾ, ಒಂದ್ ಪುಸ್ತಕ ನೋಡಿ ಇಷ್ಟ್ ಕಥಿ ಕಟ್ಟ್ಯಾರ. ನಾಳೆ ಅವರ ಮನ್ಯಾಗ ನಾ ನೀರಿಗೆ ಹೋಗಿ ಸ್ವಲ್ಪ ತಡಾ ಮಾಡಿ ಬಂದ್ರ ಏನೇನ್ ಕಟ್ತಾರೋ?”